ಎರಡು ಸ್ಕೋಪ್ ಆದ ಮೇಲೂ ಕ್ಯಾಪ್ಸೂಲ್ ಬೇಕಾ?

ಗಂಟಲಿನ ಕಡೆಯಿಂದ, ಕೆಳಗಿನಿಂದ ಎರಡೂ ಸ್ಕೋಪ್ (ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಪರೀಕ್ಷೆ) ಆಗಿದೆ, ಆದರೂ ನಿಮ್ಮ ಅಮ್ಮನಿಗೆ ರಕ್ತ ಎಲ್ಲಿಂದ ಹೋಗುತ್ತಿದೆ ಗೊತ್ತಾಗಿಲ್ಲ, ಈಗ ಕ್ಯಾಪ್ಸೂಲ್ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಗುಳಿಗೆ ನುಂಗುವ ಪರೀಕ್ಷೆ, ಯಾಕೆ ಅಂತ ಕೇಳಿದ್ದೀರಿ. ಡಾಕ್ಟರ್ ಸುಮ್ನೆ ಹೇಳಿದ್ದಲ್ಲ ಅದು. ಆ ಎರಡು ಸ್ಕೋಪ್‌ಗಳ ನಡುವೆ ಹಲವು ಮೀಟರ್ ಸಣ್ಣ ಕರುಳು ನೋಡದೇ ಉಳಿದಿರುತ್ತದೆ.

ನಮ್ಮ ಅಪ್ಪನಿಗೂ ಮಾಡಿಸಿದ್ದೆವು. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಗುಳಿಗೆ, ಸುಮಾರು 26 ಮಿಲಿಮೀಟರ್. ಬಾಯಿ ಮುಚ್ಚುವವರೆಗೂ ಅದರ ಬೆಳಕು ಮಿಣಮಿಣ ಅನ್ನುತ್ತಿತ್ತು. ಒಂದು ಗುಟುಕು ನೀರು, ಅಷ್ಟೇ. ಸೊಂಟಕ್ಕೆ ರೆಕಾರ್ಡರ್ ಕಟ್ಟಿಕೊಂಡು ಎಂಟು ಗಂಟೆ ಓಡಾಡಿಕೊಂಡಿದ್ದರು. ನೋವು ಏನೂ ಇರಲಿಲ್ಲ.

ಒಂದು ವಿಷಯ ಮಾತ್ರ ಡಾಕ್ಟರಿಗೆ ಮರೆಯದೆ ಹೇಳಿ. ಅಮ್ಮನಿಗೆ ಹಿಂದೆ ಹೊಟ್ಟೆಯ ಆಪರೇಷನ್, ಕರುಳಿನ ಟಿಬಿ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಆಗಿದ್ದರೆ ಅಥವಾ ವರ್ಷಗಟ್ಟಲೆ ನೋವಿನ ಮಾತ್ರೆ ತಿಂದಿದ್ದರೆ ಕರುಳು ಕಿರಿದಾಗಿರಬಹುದು. ಗುಳಿಗೆ ಅಲ್ಲೇ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಅಂಥವರಿಗೆ ಮೊದಲು ತಾನಾಗಿ ಕರಗುವ ಪರೀಕ್ಷಾ ಗುಳಿಗೆ ಕೊಡುತ್ತಾರೆ, ಕೇಳಿ ನೋಡಿ. ಗುಳಿಗೆ ಹೊರಬಂದಿದ್ದು ಖಚಿತವಾಗುವವರೆಗೆ ಎಂಆರ್‌ಐ ಬೇಡ.

ಈ ಗುಳಿಗೆ ನೋಡುತ್ತದೆ, ಆದರೆ ರಕ್ತ ನಿಲ್ಲಿಸಲ್ಲ. ಜಾಗ ಸಿಕ್ಕರೆ ಜಪಾನಿನ ವೈದ್ಯ ಯಾಮಾಮೊಟೊ ರೂಪಿಸಿದ ಡಬಲ್ ಬಲೂನ್ ಎಂಟರೋಸ್ಕೋಪಿಯಲ್ಲಿ (ಎರಡು ಬಲೂನ್‌ಗಳ ಸಹಾಯದಿಂದ ಸಣ್ಣ ಕರುಳಿನೊಳಗೆ ಹೋಗುವ ಉದ್ದ ಸ್ಕೋಪ್) ಅಲ್ಲಿಗೇ ಹೋಗಿ ಸುಟ್ಟು ನಿಲ್ಲಿಸಬಹುದು. ಅಪ್ಪನಿಗೆ ಹಾಗೇ ಆಯ್ತು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.