ಕ್ಯಾಮೆರಾಕ್ಕಿಂತ ಮೊದಲು ಚಿಲಕ ನೋಡಿ: ಶಾಲೆಯ ಸುರಕ್ಷತೆ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಮುಂದಿನ ವಾರ ನನಗೆ ಅವೇ ಪ್ರಶ್ನೆಗಳು ಬರುತ್ತವೆ. ನಾನು ಬೆಳಗಾವಿಯಲ್ಲಿ ಮಕ್ಕಳ ಪ್ರಕರಣ ನಡೆಸುವ ವಕೀಲೆ. ಶಾಲೆಗಳು ಕರೆದರೆ ಹೋಗಿ ಅಲ್ಲಿನ ಸುರಕ್ಷತೆಯನ್ನೂ ನೋಡಿ ಬರುತ್ತೇನೆ. ಗೇಟಿಗೆ ಕಾವಲು ಬೇಕು, ಬಂದವರ ಹೆಸರು ಬರೆದುಕೊಳ್ಳಬೇಕು, ತುರ್ತು ಸಂಖ್ಯೆ 112 ಮತ್ತು ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಇರಬೇಕು. ಇಂಥವನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ಇಷ್ಟೂ ಇಲ್ಲದಿದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಮುಂದೆ ಓದಿ.

ಪ್ರಶ್ನೆ: ಮಗಳು ಎಂಟನೇ ಕ್ಲಾಸ್. ಅಮೆರಿಕದ ಸುದ್ದಿ ಬಂದ ಮೇಲೆ ಶಾಲೆಯವರು ಪಾಲಕರ ಸಭೆ ಕರೆದರು. ಕ್ಲಾಸಿನಲ್ಲಿ ಮಾತೂ ಕೇಳಿಸುವ ಕ್ಯಾಮೆರಾ ಹಾಕುತ್ತಾರಂತೆ, ಅದನ್ನು ನಮ್ಮ ಮೊಬೈಲಿನಲ್ಲೇ ನೋಡಲು ಆಪ್ ಕೊಡುತ್ತಾರಂತೆ. ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ ಬರುತ್ತದಂತೆ. ನಡವಳಿಕೆ ಸರಿ ಇಲ್ಲದ ಮಕ್ಕಳ ಪಟ್ಟಿ ಮಾಡಿ ಪಾಲಕರ ವಾಟ್ಸಾಪ್ ಗುಂಪಿಗೂ ಹಾಕುತ್ತಾರಂತೆ. ಎಲ್ಲರೂ ಸಹಿ ಮಾಡಿದರು. ನಾನೊಬ್ಬಳೇ ಮಾಡಿಲ್ಲ. "ನಿಮಗೆ ಮಗಳ ಜೀವ ಮುಖ್ಯ ಅಲ್ವಾ" ಎಂದು ಕೇಳುತ್ತಿದ್ದಾರೆ. ಏನು ಮಾಡಲಿ ಅಕ್ಕಾ? (ವಿಜಯಪುರದ ತಾಯಿ)

ಸಹಿ ಮಾಡದೆ ಒಳ್ಳೆಯ ಕೆಲಸ ಮಾಡಿದ್ದೀರಿ, ತಂಗಿ. ಹಾಗೆ ಕೇಳಿದವರನ್ನು ನೀವೂ ಒಂದು ಮಾತು ಕೇಳಿ. ಮಗಳ ಕ್ಲಾಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದಾ? ನಮ್ಮ ಭಾಗದ ಎಷ್ಟೋ ಶಾಲೆಗಳಲ್ಲಿ ಹೊರಗೆ ದಪ್ಪ ಕೊಂಡಿ ಇರುತ್ತದೆ. ಒಳಗಿನ ಚಿಲಕ ಮಾತ್ರ ಕಿತ್ತು ವರ್ಷಗಳಾಗಿರುತ್ತವೆ. ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕೂಡುವುದೇ ಇಲ್ಲ. ಅದನ್ನು ರಿಪೇರಿ ಮಾಡಿಸದವರು ಲಕ್ಷಗಟ್ಟಲೆ ಯಂತ್ರ ತರುತ್ತೇವೆ ಅಂದರೆ ನನಗೆ ಸಿಟ್ಟು ಬರುತ್ತದೆ.

2022ರ ಮೇ 24ರಂದು ಟೆಕ್ಸಾಸ್ ರಾಜ್ಯದ ಯುವಾಲ್ಡಿ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹೊರಬಾಗಿಲನ್ನು ಒಬ್ಬ ಶಿಕ್ಷಕಿ ಎಳೆದು ಮುಚ್ಚಿದ್ದರು, ಆದರೆ ಕೀಲಿ ಬಿದ್ದಿರಲಿಲ್ಲ. ಒಳಗೆ ಒಂದು ಕ್ಲಾಸಿನ ಕೀಲಿ ಕೆಟ್ಟಿದೆ ಎಂಬುದೂ ಶಾಲೆಯವರಿಗೆ ಮೊದಲೇ ಗೊತ್ತಿತ್ತು. ಆ ಕಾರಿಡಾರಿನಲ್ಲಿ ಕ್ಯಾಮೆರಾ ಇತ್ತು. ಬಂದೂಕು ಹಿಡಿದವನು ನಡೆದು ಬಂದದ್ದು, ಪೊಲೀಸರು ಒಳಗೆ ನುಗ್ಗದೆ ಕಾಯುತ್ತ ನಿಂತದ್ದು, ಎಲ್ಲವೂ ಅದರಲ್ಲಿ ಮೂಡಿದೆ. ಅವನನ್ನು ತಡೆಯಲು 77 ನಿಮಿಷ ಹಿಡಿಯಿತು. ಕ್ಯಾಮೆರಾ ಒಂದು ಮಗುವನ್ನೂ ಉಳಿಸಲಿಲ್ಲ. ಅದಕ್ಕೂ ಮೊದಲು, 2012ರಲ್ಲಿ, ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ದೊಡ್ಡವರು ಸತ್ತಿದ್ದರು. ಆಗ ಅಲ್ಲಿನ ಸರ್ಕಾರ ನೇಮಿಸಿದ ಆಯೋಗ ಒತ್ತಿ ಹೇಳಿದ್ದೂ ಇದನ್ನೇ: ಪ್ರತಿ ಕ್ಲಾಸಿಗೂ ಒಳಗಿನಿಂದ ಕೀಲಿ ಹಾಕಲು ಬರಬೇಕು.

ಹೊರಗಿನಿಂದ ಬೀಗ ಹಾಕುವ ಅಭ್ಯಾಸ ಮಾತ್ರ ಬೇಡವೇ ಬೇಡ. 2004ರಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ತೀರಿಕೊಂಡರು. ನಮ್ಮ ಮಕ್ಕಳಿಗೆ ಬಂದೂಕಿಗಿಂತ ಬೆಂಕಿಯ ಅಪಾಯವೇ ಹತ್ತಿರ. ಅಡುಗೆ ಕೋಣೆಯ ಸಿಲಿಂಡರ್ ಎಲ್ಲಿದೆ, ಮೆಟ್ಟಿಲ ಮೇಲೆ ಮುರಿದ ಬೆಂಚು ಒಟ್ಟಿದ್ದಾರಾ, ಹೋಗಿ ನೋಡಿ.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಅಮೆರಿಕದ ಅಧ್ಯಕ್ಷರ ಕಾವಲು ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗೆ ಶಾಲೆಗಳ ಮೇಲೆ ನಡೆದ 37 ದಾಳಿಗಳನ್ನು ಕೂಲಂಕಷವಾಗಿ ನೋಡಿದವು. ನೂರಕ್ಕೆ 81 ಪ್ರಕರಣಗಳಲ್ಲಿ ದಾಳಿ ಮಾಡಿದವನ ಮನಸ್ಸಿನಲ್ಲಿ ಏನಿದೆ ಎಂಬುದು ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು. ಹಾಗೆ ಗೊತ್ತಿದ್ದವರು ಬಹುತೇಕ ಗೆಳೆಯರು, ಜೊತೆಗೆ ಓದುವವರು, ಅಣ್ಣತಮ್ಮಂದಿರು. ಅವರಲ್ಲಿ ದೊಡ್ಡವರ ಹತ್ತಿರ ಬಂದು ಹೇಳಿದವರು ಕಡಿಮೆ. ಹಾಗಾದರೆ ಶಾಲೆಯ ಕೆಲಸ ಏನು? ಗೊತ್ತಿರುವ ಮಗು ಹೆದರದೆ ಬಂದು ಹೇಳುವ ಹಾಗೆ ಮಾಡುವುದು. ಹೇಳಿದ್ದನ್ನು ಕೇಳಿಸಿಕೊಂಡವರು ಸುಮ್ನೆ ಕೂಡಬಾರದು, ಅದೂ ಅಷ್ಟೇ ಮುಖ್ಯ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಅದಕ್ಕೆ ಸುಮಾರು ಆರು ವಾರ ಮೊದಲೇ ಒಬ್ಬರು ಗುಂಡು ಹಾರಿಸಿದ ಹುಡುಗನ ಬಗ್ಗೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಫೋನ್ ಮಾಡಿ ಎಚ್ಚರಿಸಿದ್ದರು. ಆ ಮಾಹಿತಿ ಸ್ಥಳೀಯ ಕಚೇರಿಗೆ ಹೋಗಲೇ ಇಲ್ಲ. ಹೇಳಿದ್ದನ್ನು ಕೇಳದೆ, ದುರಂತದ ನಂತರ ಒಳಗಿನದು ಕಾಣಲಿ ಎಂದು ಮಕ್ಕಳಿಗೆ ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗ್ ಕೊಟ್ಟರು.

ಮಕ್ಕಳು ಯಾಕೆ ಹೇಳುವುದಿಲ್ಲ ಅಂತ ನನ್ನನ್ನು ಕೇಳಿ. ನನ್ನ ಕಚೇರಿಗೆ ಬರುವ ಮಕ್ಕಳು ಹೇಳುವುದು ಒಂದೇ: "ಹೇಳಿದ್ರ ಎಲ್ಲಾರಿಗೂ ಗೊತ್ತಾಗ್ತದ್ರೀ ಅಕ್ಕಾ." ನಿಮ್ಮ ಶಾಲೆ ಮಾಡಲು ಹೊರಟಿರುವುದು ಆ ಹೆದರಿಕೆಯನ್ನು ನಿಜ ಮಾಡುವ ಕೆಲಸ. ನಮ್ಮ ಜಿಲ್ಲೆಗಳಲ್ಲಿ ಹದಿನಾಲ್ಕು, ಹದಿನೈದಕ್ಕೇ ಹುಡುಗಿಯರ ಮದುವೆ ಗೊತ್ತುಮಾಡುವುದು ಇನ್ನೂ ನಿಂತಿಲ್ಲ. ಅಂಥ ಹುಡುಗಿ ಮೊದಲು ಬಾಯಿ ಬಿಡುವುದು ಕ್ಲಾಸಿನ ಅಕ್ಕೋರ ಹತ್ತಿರ. ಕ್ಲಾಸಿನ ಮಾತೆಲ್ಲ ಆಪಿನಲ್ಲಿ ಅವಳ ಅಪ್ಪ, ಸೋದರಮಾವ, ಪಕ್ಕದ ಮನೆಯವರಿಗೆ ಕೇಳುತ್ತಿದ್ದರೆ ಅವಳು ಏನು ಹೇಳಿಯಾಳು? ಮನೆಯಲ್ಲಿ ಹೊಡೆತ ತಿನ್ನುವ ಹುಡುಗ, ಚೀಲದಲ್ಲಿ ಚಾಕು ಇಟ್ಟುಕೊಂಡ ಗೆಳೆಯನ ಬಗ್ಗೆ ಹೇಳಬೇಕಾದ ಹುಡುಗ, ಇವರೆಲ್ಲರ ಬಾಯಿಗೂ ಅಲ್ಲಿಗೆ ಬೀಗ.

ಆಪಿನ ಇನ್ನೊಂದು ಕಷ್ಟವನ್ನು ಸಭೆಯಲ್ಲಿ ಯಾರೂ ಎತ್ತಿರಲಾರರು. ಒಬ್ಬ ಹುಡುಗಿಯ ಬಟ್ಟೆಗೆ ಕಲೆಯಾಗುತ್ತದೆ. ಒಬ್ಬ ಹುಡುಗನಿಗೆ ಫಿಟ್ಸ್ ಬರುತ್ತದೆ. ಅಷ್ಟೂ ಮನೆಗಳ ಮೊಬೈಲಿನಲ್ಲಿ ಅದು ಕಾಣುತ್ತದೆ, ಯಾರೋ ಒಬ್ಬರು ಸ್ಕ್ರೀನ್ ರೆಕಾರ್ಡ್ ಮಾಡುತ್ತಾರೆ. ಗಂಡ ಹೆಂಡತಿ ಬೇರೆಯಾಗಿ ಮಗುವಿಗಾಗಿ ಕೋರ್ಟಿನಲ್ಲಿ ಜಗಳ ನಡೆದಿರುತ್ತದೆ. ಮಗು ಯಾವ ಬೆಂಚಿನಲ್ಲಿ ಕೂತಿದೆ, ಎಷ್ಟಕ್ಕೆ ಹೊರಗೆ ಬರುತ್ತದೆ ಎಂದು ನೋಡುತ್ತ ಗೇಟಿನಲ್ಲಿ ಕಾಯುವವರನ್ನು ನಾನು ಕಂಡಿದ್ದೇನೆ.

ಸಿಬಿಎಸ್‌ಇ ಶಾಲೆಯಾದರೆ ಕ್ಯಾಮೆರಾ ಹಾಕಲೇಬೇಕು, ಅದು ನಿಜ. 2025ರ ಜುಲೈನಲ್ಲಿ ಬಂದ ನಿಯಮ ಅದು. ಶೌಚಾಲಯ ಬಿಟ್ಟು ಉಳಿದ ಕಡೆ, ಕ್ಲಾಸಿನಲ್ಲೂ, ಧ್ವನಿ ಸಮೇತ ಕ್ಯಾಮೆರಾ ಇರಬೇಕು, ಕನಿಷ್ಠ 15 ದಿನದ ರೆಕಾರ್ಡಿಂಗ್ ಇಟ್ಟುಕೊಂಡಿರಬೇಕು. ಕ್ಲಾಸಿನೊಳಗಿನ ಧ್ವನಿ ನನಗೆ ಒಪ್ಪಿಗೆಯಿಲ್ಲ, ಆದರೆ ನಿಯಮ ನಿಯಮವೇ. ಅದನ್ನು ಪಾಲಕರ ಮೊಬೈಲಿಗೆ ಬಿಡಿ ಎಂದು ಮಾತ್ರ ಆ ನಿಯಮ ಎಲ್ಲೂ ಹೇಳಿಲ್ಲ. ಅಕ್ಕೋರ ಜೊತೆ ಮಗು ಗುಟ್ಟಾಗಿ ಮಾತಾಡಲು ಕ್ಯಾಮೆರಾದ ಕಣ್ಣು, ಕಿವಿ ತಲುಪದ ಒಂದು ಜಾಗ ತೋರಿಸಿ ಎಂದು ಶಾಲೆಯನ್ನು ಕೇಳಿ. ಹಾಗೆ ಕೇಳಿಸಿಕೊಳ್ಳುವ ಶಿಕ್ಷಕರಿಗೂ ಒಂದು ಮಾತು: "ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ನಿನಗೆ ಸಹಾಯ ಮಾಡಲು ಬೇಕಾದವರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಅಂತ ನಿನಗೂ ಹೇಳ್ತೀನಿ" ಅನ್ನಿ. ಅದು ಸತ್ಯ, ಮಗುವಿಗೆ ಅಷ್ಟು ಸಾಕು.

ಮುಖದ ಯಂತ್ರಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಊರಿನ ಶಾಲೆಗಳು 2020ರ ಜನವರಿಯಲ್ಲಿ ಅದನ್ನು ಶುರು ಮಾಡಿದವು. ಅದೇ ವರ್ಷದ ಕೊನೆಗೆ ರಾಜ್ಯ ಅದನ್ನು ಕಾಯ್ದೆ ಮಾಡಿ ತಡೆಯಿತು. 2023ರಲ್ಲಿ ಶಾಲೆಗಳಲ್ಲಿ ಪೂರ್ತಿ ನಿಷೇಧಿಸಿತು. ಇನ್ನು ಆಯುಧ ಗುರುತಿಸುವ ಜಾಣ ಕ್ಯಾಮೆರಾ. 2025ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯಲ್ಲಿ ಅದು ಹುಡುಗನ ಕೈಯಲ್ಲಿದ್ದ ಚಿಪ್ಸ್ ಪಾಕೀಟನ್ನು ಪಿಸ್ತೂಲು ಅಂದುಕೊಂಡಿತು. ಪೊಲೀಸರು ಬಂದು ಬಂದೂಕು ತೋರಿಸಿ ಹುಡುಗನಿಗೆ ಕೈಕೋಳ ಹಾಕಿದರು. ವಾಷಿಂಗ್ಟನ್ ರಾಜ್ಯದ ವ್ಯಾಂಕೂವರಿನಲ್ಲಿ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ಬರೆದದ್ದನ್ನೆಲ್ಲ ಒಂದು ತಂತ್ರಾಂಶ ಓದುತ್ತಿತ್ತು. 2025ರಲ್ಲಿ ಅಂಥ ಸುಮಾರು 3,500 ಬರಹಗಳು ಹೆಸರೂ ಮರೆಸದೆ ಪತ್ರಕರ್ತರ ಕೈಗೆ ಹೋಗಿದ್ದು ಗೊತ್ತಾಯಿತು. ಸಾಯಬೇಕು ಅನ್ನಿಸಿದ ಮಕ್ಕಳು ಬರೆದುಕೊಂಡದ್ದೂ ಅದರಲ್ಲಿತ್ತು. ಅಷ್ಟು ದುಡ್ಡಿರುವ ದೇಶದಲ್ಲೇ ಹೀಗಾದರೆ, ವಿಜಯಪುರದ ಕ್ಯಾಮೆರಾ ಅಂಗಡಿಯವರು ಹಾಕಿಕೊಟ್ಟ ಪಾಸ್‌ವರ್ಡನ್ನು ನಿಮ್ಮ ಶಾಲೆಯವರು ಬದಲಿಸಿದ್ದಾರಾ ಎಂದು ಕೇಳುವುದು ನಿಮ್ಮ ಹಕ್ಕು.

ಪಟ್ಟಿಯ ವಿಷಯಕ್ಕೆ ನಾನು ಒಂಚೂರೂ ಬಗ್ಗುವುದಿಲ್ಲ. ಮೇಲೆ ಹೇಳಿದ ಅಧ್ಯಯನವೇ, ದಾಳಿ ಮಾಡುವ ಮಗು ಹೀಗೇ ಇರುತ್ತದೆ ಎನ್ನಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಿದ್ದರೆ ಪಟ್ಟಿಗೆ ಸೇರುವವರು ಯಾರು? ಅಪ್ಪ ಅವ್ವ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದವನು. ಫೀ ಬಾಕಿ ಇರುವವನು. ಒಮ್ಮೆ ಎದುರು ಮಾತಾಡಿದವನು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಹೆಸರು ಹಾಕಿ ಊರ ಮುಂದೆ ಮಾನ ಕಳೆಯುವುದು ಕಿರುಕುಳವೇ. ಯಾವ ಅಧಿಕಾರಿಯ ಮುಂದೆ ಬೇಕಾದರೂ ನಾನು ಹಾಗೆ ವಾದಿಸುತ್ತೇನೆ.

ಈಗ ಮುಖ್ಯಶಿಕ್ಷಕರಿಗೆ ಒಂದು ಪತ್ರ ಬರೆಯಿರಿ. ರೆಕಾರ್ಡಿಂಗ್ ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾರೆ, ಕಂಪನಿ ಜೊತೆ ಒಪ್ಪಂದ ಏನು, ಮಕ್ಕಳ ಮುಖದ ಮಾಹಿತಿ ಎಲ್ಲಿ ಇಡುತ್ತಾರೆ, ಒಪ್ಪದಿದ್ದರೆ ಬೇರೆ ದಾರಿ ಏನು ಎಂದು ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರು ಪತ್ರದಲ್ಲಿರಲಿ. 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುವ ಕಾಯ್ದೆ ಅದು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಮಕ್ಕಳ ಸುರಕ್ಷತೆಗಾಗಿ ಶಾಲೆಗಳಿಗೆ ಸ್ವಲ್ಪ ಸಡಿಲಿಕೆ ಕೊಟ್ಟಿವೆ, ಕಾಯ್ದೆಯೂ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಅದನ್ನೇ ಹಿಡಿದು ನಿಮ್ಮ ಬಾಯಿ ಮುಚ್ಚಿಸಲು ನೋಡುತ್ತಾರೆ. ಸುರಕ್ಷತೆಗೆ ಎಷ್ಟು ಬೇಕೋ ಅಷ್ಟೇ ಎಂಬ ಮಿತಿ ಆ ಸಡಿಲಿಕೆಗೂ ಇದೆ. ಪತ್ರ ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಒಬ್ಬರೇ ಹೋಗಬೇಡಿ. ಸಹಿ ಮಾಡಿದವರಲ್ಲೂ ಮನಸ್ಸಿಲ್ಲದೆ ಮಾಡಿದವರು ಇರುತ್ತಾರೆ, ಅವರ ಮನೆಗೆ ಹೋಗಿ ಮಾತಾಡಿ.

ಪ್ರಶ್ನೆ: ಮಗನಿಗೆ ಗುಂಡು ನಿರೋಧಕ ಸ್ಕೂಲ್ ಬ್ಯಾಗ್ ತರಿಸಲೇ? (ಮುಧೋಳ)

ಬೇಡ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಬೆರಳಚ್ಚು ತೆಗೆದು ಮಗುವಿನ ಸಿಟ್ಟು, ಕ್ರೂರ ಸ್ವಭಾವ ಮೊದಲೇ ಹೇಳುವ ಕ್ಯಾಂಪ್ ಇದೆ. ಮಾಡಿಸಬಹುದಾ? (ಬಾಗಲಕೋಟೆ)

ಇದು ಶುದ್ಧ ಮೋಸ. ಈ ಬೆರಳಚ್ಚು ಪರೀಕ್ಷೆಗೆ ಡಿಎಂಐಟಿ ಅನ್ನಲಿ, ಇನ್ನೇನಾದರೂ ಅನ್ನಲಿ, ಬೆರಳಿನ ಗೆರೆಯಲ್ಲಿ ಸ್ವಭಾವ ಇರುತ್ತದೆ ಎನ್ನುವುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ದುಡ್ಡು ಹೋದರೆ ಹೋಗಲಿ. ಹತ್ತು ಬೆರಳಿನ ಅಚ್ಚು ಯಾರದೋ ಲ್ಯಾಪ್‌ಟಾಪಿಗೆ ಹೋಗುತ್ತದೆ, ಅದೇ ಬೆರಳು ನಾಳೆ ಆಧಾರಿಗೂ ಬ್ಯಾಂಕಿಗೂ ಬೇಕು. ಮಗುವಿಗೆ ಸಿಟ್ಟು ಜಾಸ್ತಿ ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಇಲ್ಲವೇ 14416ಕ್ಕೆ, ಟೆಲಿ ಮಾನಸ್‌ಗೆ, ಫೋನ್ ಮಾಡಿ. ಕಾಸು ಖರ್ಚಿಲ್ಲ.

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ಮುಖವಾಡ ಹಾಕಿ, ಪಟಾಕಿ ಸದ್ದು ಮಾಡಿ, ಮಕ್ಕಳಿಗೆ ಹೇಳದೆ ಅಣಕು ದಾಳಿ ಮಾಡಿಸಿದರೆ ಚೆನ್ನಾಗಿ ಕಲಿಯುತ್ತಾರೆ ಅಲ್ವಾ ಮೇಡಂ? (ಗೋಕಾಕ)

ಇಲ್ಲ ಸರ್, ಹೆದರುತ್ತಾರೆ ಅಷ್ಟೇ. ಅಮೆರಿಕದ ಮಕ್ಕಳ ವೈದ್ಯರ ಸಂಘ 2020ರಲ್ಲೇ ಇದು ಬೇಡ ಎಂದಿದೆ. 2019ರಲ್ಲಿ ಇಂಡಿಯಾನಾ ರಾಜ್ಯದ ಒಂದು ಶಾಲೆಯ ಅಭ್ಯಾಸದಲ್ಲಿ ಶಿಕ್ಷಕಿಯರನ್ನು ಗೋಡೆಗೆ ನಿಲ್ಲಿಸಿ ಪ್ಲಾಸ್ಟಿಕ್ ಗುಂಡು ಹೊಡೆದು ಮೈಮೇಲೆ ಬಾಸುಂಡೆ ಬರಿಸಿದರು. ಮೊದಲೇ ತಿಳಿಸಿ, ಸದ್ದಿಲ್ಲದೆ, ಬಾಗಿಲು ಹಾಕಿ ಗೋಡೆಗೆ ಸರಿದು ಕೂಡುವುದನ್ನು ಕಲಿಸಿ. ಅದರ ಜೊತೆಗೆ ಬೆಂಕಿ ಬಿದ್ದರೆ ಸಾಲಾಗಿ ಹೊರಬರುವುದನ್ನೂ ಕಲಿಸಿ.

ಪ್ರಶ್ನೆ: ಮಗನ ಮೊಬೈಲಿನ ಮೆಸೇಜನ್ನು ಶಿಕ್ಷಕರು ಓದಬಹುದಾ? (ಜಮಖಂಡಿ)

ಕಿತ್ತಿಟ್ಟು ನಿಮ್ಮ ಕೈಗೆ ಕೊಡಲಿ. ತೆರೆದು ಓದಬಾರದು. ಬೆದರಿಕೆಯ ಅನುಮಾನವಿದ್ದರೆ ಪೊಲೀಸರಿದ್ದಾರೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹುಡುಗನೊಬ್ಬ ಇನ್ನೊಬ್ಬನಿಗೆ ಚಾಕು ಹಾಕಿದ. ಊರಿಗೆ ಗೊತ್ತಾಗಲಿ ಎಂದು ಇಬ್ಬರ ಫೋಟೋ, ಹೆಸರು ಗುಂಪಿಗೆ ಹಾಕಿದೆ. ತಪ್ಪಾ? (ಅಥಣಿ)

ತಪ್ಪು, ಅಪರಾಧ ಕೂಡ. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಂ ಓದಿ. ಆರೋಪ ಹೊತ್ತ ಮಗು, ನೊಂದ ಮಗು, ಸಾಕ್ಷಿ ಮಗು, ಯಾರದೇ ಹೆಸರು, ವಿಳಾಸ, ಶಾಲೆ, ಫೋಟೋ ಪ್ರಕಟಿಸುವ ಹಾಗಿಲ್ಲ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈಗಲೇ ಅಳಿಸಿ, ಮುಂದೆ ಕಳಿಸಿದವರಿಗೂ ಅಳಿಸಲು ಹೇಳಿ. ಚಾಕು ತಿಂದ ಹುಡುಗ ನಾಳೆ ಅದೇ ಶಾಲೆಗೆ ಹೋಗಬೇಕು, ಯೋಚನೆ ಮಾಡಿ.

ಪ್ರಶ್ನೆ: ಹೊಲಕ್ಕೆ ಹಂದಿ ಕಾಟ ಎಂದು ಲೈಸೆನ್ಸ್ ಬಂದೂಕು ಇದೆ. ಪಡಸಾಲೆಯ ಗೋಡೆಗೆ ನೇತು ಹಾಕಿರುತ್ತೇವೆ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗ ಇದ್ದಾನೆ. ಏನೂ ತೊಂದರೆ ಇಲ್ಲ ಅಲ್ವಾ? (ಖಾನಾಪುರ)

ತೊಂದರೆ ಇದೆ ಅಣ್ಣಾ. ಈ ಪ್ರಶ್ನೆ ಕೇಳಿದ್ದು ನೀವೊಬ್ಬರೇ. ಎಲ್ಲರೂ ಕೇಳಬೇಕಿದ್ದದ್ದು ಇದನ್ನೇ. ಸೀಕ್ರೆಟ್ ಸರ್ವಿಸ್ 2019ರ ಇನ್ನೊಂದು ವರದಿಯಲ್ಲಿ ಶಾಲೆಗೆ ಬಂದೂಕು ತಂದ ಹುಡುಗರನ್ನು ಲೆಕ್ಕ ಹಾಕಿತು. ನಾಲ್ವರಲ್ಲಿ ಮೂವರು ಅದನ್ನು ತಂದದ್ದು ತಂದೆ ತಾಯಿಯ ಅಥವಾ ಹತ್ತಿರದ ನೆಂಟರ ಮನೆಯಿಂದ. ಇವತ್ತೇ ಗೋಡೆಯಿಂದ ಇಳಿಸಿ. ಗುಂಡು ತೆಗೆದು, ಬಂದೂಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ. ತೋಟಾಗಳು ಬೇರೆ ಕಡೆ, ಬೇರೆ ಕೀಲಿಯಲ್ಲಿ ಇರಲಿ. ಎರಡೂ ಕೀಲಿ ನಿಮ್ಮ ಸೊಂಟದಲ್ಲೇ ಇರಬೇಕು, ಜಗಲಿಯ ಮೇಲಾಗಲಿ ದೇವರ ಫೋಟೋ ಹಿಂದಾಗಲಿ ಬೇಡ. ಮದುವೆ, ಜಾತ್ರೆಯಲ್ಲಿ ಗಾಳಿಗೆ ಹಾರಿಸುವುದಂತೂ 2019ರ ತಿದ್ದುಪಡಿಯ ನಂತರ 2 ವರ್ಷದವರೆಗೆ ಜೈಲಿನ ಅಪರಾಧ. ಮಂಗ ಓಡಿಸುವ ಏರ್‌ಗನ್ನಿಗೂ ಇದೇ ಮಾತು. ಅಂಥ ಕೆಲವಕ್ಕೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆ ಆಗುವುದಿಲ್ಲ. ಹತ್ತಿರದಿಂದ ಹೊಡೆದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಅದನ್ನೂ ಅದೇ ಪೆಟ್ಟಿಗೆಗೆ ಹಾಕಿ.