‘ಫಾರ್ಮ್ಯಾಟ್ ಮಾಡಿ’ ಅಂತ ಕೇಳುವ ಹಾರ್ಡ್ ಡಿಸ್ಕ್‌ನಿಂದ ಫೋಟೋ ತೆಗೆಯುವುದು

ಹಾರ್ಡ್ ಡಿಸ್ಕ್ ತೆರೆಯುತ್ತಿಲ್ಲ, ಒಳಗಿನ ಫೋಟೋ ತೆಗೆಯುವುದು ಹೇಗೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಇದು ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ವ್ಯವಸ್ಥೆ) ಕೆಟ್ಟಿರುವ ಲಕ್ಷಣ. ಡ್ರೈವ್ ಹೆಸರು ಕಾಣಿಸುತ್ತದೆ, ತೆರೆದರೆ ವಿಂಡೋಸ್ ಫಾರ್ಮ್ಯಾಟ್ ಮಾಡಲು ಕೇಳುತ್ತದೆ, ವಿಚಿತ್ರ ಸದ್ದೇನೂ ಇಲ್ಲ ಅಂದಿದ್ದೀರಲ್ಲ, ಹಾಗಿದ್ದರೆ ಫೋಟೋಗಳು ಒಳಗೇ ಇರುವ ಸಾಧ್ಯತೆ ಜಾಸ್ತಿ. ಕೆಟ್ಟ ಸೆಕ್ಟರ್‌ಗಳಿಂದಲೂ (ಡಿಸ್ಕ್‌ನಲ್ಲಿ ಓದಲಾಗದ ಭಾಗಗಳು) ಹೀಗಾಗಬಹುದು. ನೋಡದೆ ಖಚಿತವಾಗಿ ಹೇಳುವುದು ಕಷ್ಟ.

ದಯವಿಟ್ಟು ಫಾರ್ಮ್ಯಾಟ್ ಒತ್ತಬೇಡಿ. ಡಿಸ್ಕ್ ಪರೀಕ್ಷಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಬೇಡ, ಅದು ರಿಪೇರಿ ಮಾಡಲು ಹೋಗಿ ಅದೇ ಡಿಸ್ಕ್ ಮೇಲೆ ಬರೆಯುತ್ತದೆ.

ಮೊದಲು ಕೇಬಲ್ ಮತ್ತು ಪೋರ್ಟ್ ಬದಲಿಸಿ ನೋಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. ಹಳದಿ ಅಥವಾ ಕೆಂಪು ಬಂದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಿರಿ, ಸುಮ್ನೆ ಮತ್ತೆ ಮತ್ತೆ ತೆರೆಯಲು ಹೋಗಬೇಡಿ.

ಮುಂದಿನದೇ ಮುಖ್ಯ. ಇದಕ್ಕಿಂತ ದೊಡ್ಡದಾದ ಖಾಲಿ ಡಿಸ್ಕ್ ತನ್ನಿ. ಉಬುಂಟು (ವಿಂಡೋಸ್ ಬದಲು ಓಡುವ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್‌ನಿಂದ ಇಡೀ ಡಿಸ್ಕ್‌ನ ಇಮೇಜ್ (ಪೂರ್ತಿ ನಕಲು) ತೆಗೆಯಿರಿ. ಮೂಲ ಯಾವುದು, ನಕಲು ಯಾವುದು ಅಂತ ಎರಡು ಸಲ ನೋಡಿಕೊಳ್ಳಿ, ಅದಲುಬದಲಾದರೆ ಎಲ್ಲಾ ಹೋಯಿತು. ಎಷ್ಟು ನಕಲಾಗಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡಲು ಮರೆಯಬೇಡಿ. ಅದು ಹೊಸ ಡಿಸ್ಕ್‌ನಲ್ಲಿ ಉಳಿದಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು.

ಇನ್ನು ಕೆಲಸವೆಲ್ಲ ಇಮೇಜ್ ಮೇಲೆ. ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್ ಹಳೆಯ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಹುಡುಕಿಕೊಟ್ಟರೆ ‘ಪಿ’ ಒತ್ತಿ. ಫೈಲ್‌ಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ. ಆಗದಿದ್ದರೆ ಫೋಟೋರೆಕ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸಿ. ಅದರಲ್ಲಿ ಫೈಲ್ ಹೆಸರು, ಫೋಲ್ಡರ್ ಉಳಿಯುವುದಿಲ್ಲ, ಆದರೆ ಚಿತ್ರಗಳು ಸಿಗಬಹುದು.

ಈ ನಡುವೆ ಟಕ್ ಟಕ್ ಸದ್ದು ಶುರುವಾದರೆ ತಕ್ಷಣ ಕೇಬಲ್ ಕಿತ್ತುಬಿಡಿ. ಮುಚ್ಚಳ ಬಿಚ್ಚದೆ ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿಯವರಿಗೆ ಕೊಡಿ, ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ.