ಫಿಶರ್ ಆಡಿದ ಕುದುರೆ ಯಾವುದು?

ಪ್ರಶ್ನೆ: ಚದುರಂಗ ಆಡುತ್ತಾ ಹದಿನೈದು ವರ್ಷ ಆಯಿತು. ಈಗ ದೊಡ್ಡ ಆಟಗಾರರು ಬಳಸಿದ ಮಾದರಿಯ ಸೆಟ್‌ಗಳನ್ನು ಕೂಡಿಸುವ ಆಸೆ ಹುಟ್ಟಿದೆ. ಮೊದಲು ಬಾಬಿ ಫಿಶರ್ ಸೆಟ್ ಬೇಕು. ಆದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಮೂರು ಸೆಟ್‌ಗಳನ್ನು ‘ಫಿಶರ್ ಸೆಟ್’ ಎಂದು ಮಾರುತ್ತಿದ್ದಾರೆ. ನಿಜವಾದದ್ದು ಯಾವುದು? ಸೋವಿಯತ್ ಆಟಗಾರ ಮಿಖಾಯಿಲ್ ಟಾಲ್ ಹೆಸರಿನ ‘ಟಾಲ್ ಸೆಟ್’ ಎಂಬುದೂ ಕಣ್ಣಿಗೆ ಬಿತ್ತು. ಅದನ್ನು ನಂಬಬಹುದಾ?

ಉತ್ತರ: ಮೂರಕ್ಕೂ ಫಿಶರ್ ಜೊತೆ ನಂಟಿರಬಹುದು. ಆಟಗಾರ ಒಬ್ಬನೇ ಆದರೂ ಅವನ ಮುಂದೆ ಬಂದ ಕಾಯಿಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತಿದ್ದವು. ಹಾಗಾಗಿ ‘ಯಾರ ಸೆಟ್’ ಎಂದು ಕೇಳುವ ಬದಲು ‘ಯಾವ ಪಂದ್ಯದ್ದು, ಯಾವ ವರ್ಷದ್ದು’ ಎಂದು ಕೇಳಿ. ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಮೊದಲು ಡುಬ್ರೊವ್ನಿಕ್ ಸೆಟ್. 1950ರಲ್ಲಿ ಯುಗೊಸ್ಲಾವಿಯಾದ ಡುಬ್ರೊವ್ನಿಕ್‌ನಲ್ಲಿ 9ನೇ ಚೆಸ್ ಒಲಿಂಪಿಯಾಡ್ ನಡೆಯಿತು. ಅದಕ್ಕಾಗಿ ಪೆರೊ ಪೊಚೆಕ್ ಎಂಬ ಚಿತ್ರಕಾರ ಈ ಕಾಯಿಗಳ ವಿನ್ಯಾಸ ಮಾಡಿದರು. ರಾಜನ ತಲೆಯ ಮೇಲೆ ಶಿಲುಬೆ ಇಲ್ಲ. ಒಂಟೆಯ (ಇಂಗ್ಲಿಷಿನಲ್ಲಿ ಇದು ಬಿಷಪ್, ಅಂದರೆ ಚರ್ಚಿನ ಗುರು) ತಲೆಯಲ್ಲಿ ಎಂದಿನ ಸೀಳೂ ಇಲ್ಲ, ಬದಲಿಗೆ ತುದಿಯಲ್ಲೊಂದು ಪುಟ್ಟ ಗುಂಡು. ಬಿಳಿ ಒಂಟೆಗೆ ಕಪ್ಪು ಗುಂಡು, ಕಪ್ಪು ಒಂಟೆಗೆ ಬಿಳಿ ಗುಂಡು. ಆಗಿನ ಸಮಾಜವಾದಿ ನಾಡಿನಲ್ಲಿ ಚರ್ಚಿನ ಗುರುತುಗಳು ಬೇಡವಾಗಿದ್ದವು. ಆ ಕೊರತೆಯೇ ಈ ಸೆಟ್‌ಗೆ ಇಷ್ಟು ಚಂದದ ಸರಳತೆ ಕೊಟ್ಟಿತು ಎಂದು ನನಗೆ ಅನ್ನಿಸುತ್ತದೆ. ಆ ಒಲಿಂಪಿಯಾಡ್ ನಡೆದಾಗ ಫಿಶರ್ ಇನ್ನೂ ಏಳು ವರ್ಷದ ಹುಡುಗ. ಅಲ್ಲಿ ಅವನು ಆಡಲೇ ಇಲ್ಲ. ಮುಂದೆ ಈ ಮಾದರಿ ಅವನಿಗೆ ತುಂಬಾ ಹಿಡಿಸಿತು, ತನ್ನ ಬಳಿಯೂ ಒಂದನ್ನು ಇಟ್ಟುಕೊಂಡಿದ್ದ. ಅಂದರೆ ಇದು ಫಿಶರ್ ಮೆಚ್ಚಿದ ಸೆಟ್. ಅವನು ವಿಶ್ವ ಚಾಂಪಿಯನ್ ಆದದ್ದು ಇದರ ಮೇಲಲ್ಲ.

ಚಾಂಪಿಯನ್ ಆದದ್ದು 1972ರಲ್ಲಿ, ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ, ಬೋರಿಸ್ ಸ್ಪಾಸ್ಕಿಯನ್ನು ಸೋಲಿಸಿ. ಅಲ್ಲಿ ಮೇಜಿನ ಮೇಲಿದ್ದದ್ದು ಲಂಡನ್ನಿನ ಜೇಕ್ಸ್ ಕಂಪನಿಯ ಸ್ಟಾಂಟನ್ ಮಾದರಿಯ ಕಾಯಿಗಳು, ಅಂದರೆ ಪಂದ್ಯಗಳಲ್ಲಿ ಈಗಲೂ ಕಾಣುವ ಮಾಮೂಲಿ ಮಾದರಿ. ಇನ್ನು ಇಪ್ಪತ್ತು ವರ್ಷ ಬಿಟ್ಟು, 1992ರಲ್ಲಿ, ಇಬ್ಬರೂ ಯುಗೊಸ್ಲಾವಿಯಾದ ಸ್ವೇತಿ ಸ್ಟೆಫಾನ್ ಮತ್ತು ಬೆಲ್‌ಗ್ರೇಡ್‌ನಲ್ಲಿ ಮತ್ತೆ ಎದುರಾದರು. ಆಗ ಬಳಸಿದ್ದು 1990ರ ನೋವಿ ಸಾದ್ ಒಲಿಂಪಿಯಾಡ್‌ನ ಮಾದರಿ. ನೀವು ನೋಡಿದ ಮೂರು ಇವೇ ಇರಬೇಕು.

ಮೊದಲ ಸೆಟ್ ಆಗಿ ಯಾವುದನ್ನು ತಗೊಳ್ಳಬೇಕು ಅಂದರೆ, ಹಿಂಜರಿಕೆ ಇಲ್ಲದೆ ಡುಬ್ರೊವ್ನಿಕ್ ಅನ್ನುತ್ತೇನೆ. 1950ರ ಮೂಲ ಸೆಟ್ ಸಿಗುವುದು ಬಹಳ ಕಷ್ಟ. ಆದರೆ ಒಳ್ಳೆಯ ಮರುತಯಾರಿಗಳು ಇವೆ. ‘ಮರುತಯಾರಿ’ ಎಂಬ ಪದಕ್ಕೆ ಹಿಂಜರಿಯಬೇಡಿ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಿದರೆ ಅದರಲ್ಲಿ ಮೋಸವೇನಿಲ್ಲ. ಹೊಸ ಕಾಯಿಗೆ ಹಳೆಯ ಬಣ್ಣ ಬಳಿದು, ಬೇಕೆಂದೇ ಗೀರು ಹಾಕಿ ‘ಮೂಲ’ ಎಂದು ಮಾರುವುದು ಮೋಸ.

ಮರುತಯಾರಿ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಕುದುರೆಯನ್ನು ಕೈಗೆ ತಗೊಳ್ಳಿ. ಉಳಿದ ಕಾಯಿಗಳನ್ನು ಬಹುಮಟ್ಟಿಗೆ ಕಡೆಯುವ ಯಂತ್ರದಲ್ಲೇ ಮಾಡಿ ಮುಗಿಸಬಹುದು. ಕುದುರೆಯ ತಲೆಯನ್ನು ಮಾತ್ರ ಉಳಿಯಿಂದ ಕೆತ್ತಬೇಕು. ಪಂದ್ಯದ ಹಳೆಯ ಫೋಟೋ ಪಕ್ಕದಲ್ಲಿಟ್ಟು ಕುತ್ತಿಗೆಯ ಬಾಗು, ದವಡೆ, ಕಿವಿ ಹೋಲಿಸಿ. ಬೇರೆ ಎಲ್ಲ ಕಾಯಿ ಸರಿಯಾಗಿದ್ದು ಕುದುರೆ ಮಾತ್ರ ಯಾವುದೋ ಇನ್ನೊಂದು ಸೆಟ್‌ನಿಂದ ಬಂದ ಹಾಗೆ ಕಂಡರೆ ಅದನ್ನು ಬಿಟ್ಟುಬಿಡಿ. ಆಮೇಲೆ ಅಳತೆ. ಪಂದ್ಯಗಳಲ್ಲಿ ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್ ಇರಬೇಕು ಎಂಬುದು ವಿಶ್ವ ಚೆಸ್ ಒಕ್ಕೂಟದ ಅಳತೆ. ಅಂಥ ಕಾಯಿಗಳಿಗೆ 5ರಿಂದ 6 ಸೆಂಟಿಮೀಟರ್ ಮನೆಗಳ ಮಣೆ ಹೊಂದುತ್ತದೆ.

ಇನ್ನು ಟಾಲ್ ಸೆಟ್. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸೋವಿಯತ್ ಸೆಟ್‌ಗಳಿಗೆ ಈಗ ಓಡಾಡುವ ಹೆಸರುಗಳಲ್ಲಿ ಹೆಚ್ಚಿನವು ಸಂಗ್ರಾಹಕರು ಆಮೇಲೆ ಇಟ್ಟವು. ಕಾರ್ಖಾನೆಯವರು ಇಟ್ಟದ್ದಲ್ಲ. ಮಿಖಾಯಿಲ್ ಟಾಲ್ ಒಂದು ಫೋಟೋದಲ್ಲಿ ಒಂದು ಬಗೆಯ ಕಾಯಿಗಳ ಮುಂದೆ ಕೂತಿದ್ದರೆ ಸಾಕು, ಆ ಮಾದರಿಗೆಲ್ಲ ಅವನ ಹೆಸರು ಅಂಟಿಕೊಳ್ಳುತ್ತದೆ. ‘ಬೊಟ್ವಿನ್ನಿಕ್–ಫ್ಲೋರ್’ ಎಂಬ ಇನ್ನೊಂದು ಸೆಟ್‌ನ ಹೆಸರು ಬಂದದ್ದು ಆ ಇಬ್ಬರು ಆಟಗಾರರ 1933ರ ಪಂದ್ಯದಿಂದ. ಮಾಸ್ಕೋ ಮತ್ತು ಲೆನಿನ್‌ಗ್ರಾಡ್‌ನಲ್ಲಿ ನಡೆದ ಆ ಪಂದ್ಯ 6–6ರಲ್ಲಿ ಸಮವಾಯಿತು. ‘ಮೊರ್ದೋವಿಯಾ ಸೆಟ್’ ಅನ್ನುವುದು ರಷ್ಯಾದ ಆ ಹೆಸರಿನ ಪ್ರದೇಶದ ಕೈದಿಗಳ ಶಿಬಿರಗಳಲ್ಲಿ ತಯಾರಾದದ್ದು ಎನ್ನುತ್ತಾರೆ. ಅದನ್ನು ಕೈಗೆತ್ತಿಕೊಂಡಾಗ ಆಟದ ನೆನಪಿಗಿಂತ ಮೊದಲು ಕೆತ್ತಿದವರ ನೆನಪು ಬರುತ್ತದೆ. ನಾನಂತೂ ಅದನ್ನು ಬೇರೆಯೇ ಕಪಾಟಿನಲ್ಲಿ ಇಟ್ಟಿದ್ದೇನೆ.

ಹೆಸರು ಗುರುತಿಗೆ ಅನುಕೂಲ, ಆದರೆ ಸಾಕ್ಷಿ ಅಲ್ಲ. ‘ಈ ಕಾಯಿಗಳನ್ನು ಟಾಲ್ ಮುಟ್ಟಿದ್ದ’ ಎಂದು ಯಾರಾದರೂ ಜಾಸ್ತಿ ಹಣ ಕೇಳಿದರೆ ಪತ್ರ ಕೇಳಿ, ಫೋಟೋ ಕೇಳಿ, ಯಾರ ಕೈಯಿಂದ ಯಾರ ಕೈಗೆ ಬಂತೆಂದು ಕೇಳಿ. ಅವು ಇಲ್ಲದಿದ್ದರೆ ಬರೀ ಮಾದರಿಯ ಬೆಲೆ ಕೊಡಿ.

ಪ್ರಶ್ನೆ: ನಮ್ಮ ತಾತನ ಪೆಟ್ಟಿಗೆಯಲ್ಲಿ ಹಳೆಯ ಸ್ಟಾಂಟನ್ ಸೆಟ್ ಸಿಕ್ಕಿದೆ. ಎರಡು ಕಾಯಿಗಳ ಮೇಲೆ ಪುಟ್ಟ ಕಿರೀಟದ ಗುರುತಿದೆ. ಒಂದು ಪದಾತಿ ಕಳೆದಿದೆ. ಪಾಲಿಶ್ ಮಾಡಿಸಿ ಇಟ್ಟುಕೊಳ್ಳಲೇ?

ಉತ್ತರ: ಪಾಲಿಶ್ ಬೇಡ! ದಯವಿಟ್ಟು ಮೊದಲು ಅದನ್ನು ನಿಲ್ಲಿಸಿ. ಮರಳು ಕಾಗದ ಮತ್ತು ಹೊಸ ವಾರ್ನಿಶ್ ಹಾಳು ಮಾಡಿದಷ್ಟು ಹಳೆಯ ಸೆಟ್‌ಗಳನ್ನು ಕಾಲವೂ ಹಾಳು ಮಾಡಿಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು. ನೀರಿನಲ್ಲಿ ನೆನೆಸಬೇಡಿ, ಬಿಸಿಲಿಗೆ ಇಡಬೇಡಿ. ಕಪ್ಪು ಕಾಯಿಗಳು ಎಬೊನಿ ಮರದ್ದಾದರೆ ಬೇಗ ಬಿರುಕು ಬಿಡುತ್ತವೆ.

ಆ ಕಿರೀಟದ ಬಗ್ಗೆ ಹೇಳುತ್ತೇನೆ, ನನಗೆ ಬಹಳ ಇಷ್ಟದ ವಿಷಯ ಅದು. ಹಿಂದೆ ಇಂಗ್ಲಿಷ್ ಪುಸ್ತಕಗಳಲ್ಲಿ ನಡೆಗಳನ್ನು ‘ರಾಜನ ಕುದುರೆ’, ‘ರಾಣಿಯ ಆನೆ’ ಎಂದು ಬರೆಯುತ್ತಿದ್ದರು. ಆಟ ಮುಂದೆ ಹೋದಂತೆ ಯಾವ ಕುದುರೆ ರಾಜನ ಕಡೆಯದು ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ರಾಜನ ಕಡೆಯ ಕುದುರೆ ಮತ್ತು ಆನೆಯ ಮೇಲೆ ಕಿರೀಟ ಒತ್ತುತ್ತಿದ್ದರು. ನಿಮ್ಮ ಎರಡು ಕಾಯಿಗಳು ಯಾವ ಬಣ್ಣದವು ಎಂದು ನೀವು ಬರೆದಿಲ್ಲ. ಕಿರೀಟ ಸಾಮಾನ್ಯವಾಗಿ ಎರಡೂ ಬಣ್ಣದಲ್ಲಿ ಇರುತ್ತದೆ, ಅಂದರೆ ಒಟ್ಟು ನಾಲ್ಕು. ಭೂತಗನ್ನಡಿ ಹಿಡಿದು ಉಳಿದ ಎರಡನ್ನೂ ಹುಡುಕಿ. ಸಿಗದಿದ್ದರೆ ಯಾವಾಗಲೋ ಕಾಯಿ ಬದಲಾಗಿರಬಹುದು.

ಕಿರೀಟದ ಗುರುತು ಇದೆ ಎಂಬ ಒಂದೇ ಕಾರಣಕ್ಕೆ ಅದು ಜೇಕ್ಸ್ ಸೆಟ್ ಎಂದು ತೀರ್ಮಾನಿಸಬೇಡಿ. ಬೇರೆಯವರೂ ಒತ್ತುತ್ತಿದ್ದರು. ಸ್ಟಾಂಟನ್ ಮಾದರಿಯನ್ನು 1849ರ ಮಾರ್ಚ್ 1ರಂದು ನಥಾನಿಯಲ್ ಕುಕ್ ನೋಂದಾಯಿಸಿದರು. ತಯಾರಿಸಿದವರು ಜಾನ್ ಜೇಕ್ಸ್. ಹೊವರ್ಡ್ ಸ್ಟಾಂಟನ್ ಆಗ ಹೆಸರಾಂತ ಆಟಗಾರ, ತನ್ನ ಹೆಸರು ಕೊಟ್ಟ. ಗೆದ್ದ ಮಾದರಿಯಾದ್ದರಿಂದ ನಕಲುಗಳೂ ಬೇಗ ಬಂದವು. ರಾಜನ ಬುಡದ ಅಂಚಿನಲ್ಲಿ ‘ಜೇಕ್ಸ್ ಲಂಡನ್’ ಎಂಬ ಮುದ್ರೆ ಇದೆಯೇ ನೋಡಿ. ಪೆಟ್ಟಿಗೆಯ ಒಳಗೆ ಸ್ಟಾಂಟನ್ ಸಹಿಯ ಚೀಟಿ ಇದ್ದರೆ ಅದು ಹರಿದಿದ್ದರೂ ಕೀಳಬೇಡಿ. ಬುಡದ ಹಸಿರು ಬಟ್ಟೆಯನ್ನೂ ಬದಲಿಸಬೇಡಿ. ಇವೆಲ್ಲ ವಯಸ್ಸು ಹೇಳುವ ಸಾಕ್ಷಿಗಳು.

ಪದಾತಿ ಕಳೆದದ್ದಕ್ಕೆ ಬೇಸರ ಬೇಡ. ಹೊಸದನ್ನು ಮಾಡಿಸಿ, ಆದರೆ ಬುಡದಲ್ಲಿ ಪೆನ್ಸಿಲ್‌ನಿಂದ ವರ್ಷ ಬರೆದಿಡಿ, ಮುಂದಿನವರು ಮೋಸ ಹೋಗಬಾರದು ಅಲ್ವಾ? ಕಳೆದ ಕಾಯಿ ಯಾವಾಗ ಬೇಕಾದರೂ ಸಿಗಬಹುದು. 1831ರಲ್ಲಿ ಸ್ಕಾಟ್‌ಲ್ಯಾಂಡಿನ ಲೂಯಿಸ್ ದ್ವೀಪದಲ್ಲಿ ಮಧ್ಯಯುಗದ ಕಾಯಿಗಳ ರಾಶಿ ಸಿಕ್ಕಿತ್ತು. ಅದಕ್ಕೆ ಸೇರಿದ ಒಂದು ಕಾಯಿಯನ್ನು 1964ರಲ್ಲಿ ಒಬ್ಬರು 5 ಪೌಂಡಿಗೆ ಕೊಂಡಿದ್ದರು. ಅದು ಏನೆಂದು ಗೊತ್ತಿಲ್ಲದೆ ಮನೆಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಇತ್ತು. 2019ರಲ್ಲಿ ಅದು 7,35,000 ಪೌಂಡಿಗೆ ಹರಾಜಾಯಿತು.

ಕಾಯಿಗಳು ದಂತದವು ಆಗಿದ್ದರೆ ಮಾತ್ರ ಮಾರುವ ಅಥವಾ ಗಡಿ ದಾಟಿಸುವ ಮುಂಚೆ ಕಾನೂನು ತಿಳಿದುಕೊಳ್ಳಿ. ಹಳೆಯದಾದರೂ ಬಹಳ ದೇಶಗಳಲ್ಲಿ ನಿರ್ಬಂಧ ಇದೆ.

ಪ್ರಶ್ನೆ: ಸಂಗ್ರಹದ ಸೆಟ್‌ನಲ್ಲಿ ಆಡಬಹುದಾ?

ಉತ್ತರ: ಖಂಡಿತ ಆಡಿ. ನಾನು ಆಡುತ್ತೇನೆ. ಡುಬ್ರೊವ್ನಿಕ್ ಒಂಟೆ ಎಷ್ಟು ಹಗುರವಾಗಿ ಬೆರಳಿಗೆ ಸಿಗುತ್ತದೆ ಎಂಬುದು ಗಾಜಿನ ಕಪಾಟಿನ ಆಚೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಬ್ಲಿಟ್ಜ್ (ಕೆಲವೇ ನಿಮಿಷಗಳ ವೇಗದ ಆಟ) ಮಾತ್ರ ಬೇಡ. ಗಡಿಯಾರದ ಅವಸರದಲ್ಲಿ ಕಾಯಿ ಉರುಳುತ್ತದೆ, ಕುದುರೆಯ ಕಿವಿ ಮುರಿಯುವುದು ಆಗಲೇ. ಅದಕ್ಕೆ ಒಂದು ಪ್ಲಾಸ್ಟಿಕ್ ಸೆಟ್ ಪಕ್ಕದಲ್ಲಿ ಇಟ್ಟುಕೊಳ್ಳಿ.